ಕಿಸೆಯೊಳಗಿನ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿ?

ಪಗಾರದ ದಿನ ಗಿರಣಿಯ ಗೇಟಿನ ಹೊರಗೆ ಸಾಲ ಕೊಟ್ಟವರು ಕಾದು ನಿಲ್ಲುತ್ತಿದ್ದ ಕಾಲವೊಂದಿತ್ತು. ಇಂದು ಯಾರೂ ಹಾಗೆ ನಿಲ್ಲಬೇಕಾಗಿಲ್ಲ. ಪಗಾರ ಬ್ಯಾಂಕಿಗೆ ಜಮೆಯಾಯಿತೆಂಬ ಸದ್ದು ಮೊಬೈಲಿನಲ್ಲಿ ಆದ ಬೆನ್ನಿಗೇ ಇನ್ನೂ ನಾಲ್ಕು ಸದ್ದುಗಳಾಗುತ್ತವೆ. ದಿನಕ್ಕೆ ಹತ್ತು ರೂಪಾಯಿಯ ಚಿನ್ನ ಕೊಳ್ಳಿರಿ ಎನ್ನುತ್ತದೆ ಒಂದು. ತಿಂಗಳಿಗೆ ಐನೂರು ಹಾಕುತ್ತ ಬಂದರೆ ಮುಂದೆ ಲಕ್ಷಾಧೀಶರಾಗುವಿರಿ ಎನ್ನುತ್ತದೆ ಇನ್ನೊಂದು. ಐದೇ ನಿಮಿಷದಲ್ಲಿ ಐವತ್ತು ಸಾವಿರ ಸಾಲ ಸಿದ್ಧವಾಗಿದೆ ಎನ್ನುತ್ತದೆ ಮತ್ತೊಂದು. ಇಂದು ಪೇಟೆ ಏರುವುದೋ ಇಳಿಯುವುದೋ ಎಂಬುದರ ಮೇಲೆ ಹಣ ಹೂಡಲು ಕರೆಯುತ್ತದೆ ನಾಲ್ಕನೆಯದು.

ನಮ್ಮ ವಾಚಕರಲ್ಲಿ ಅನೇಕರು, ವಿಶೇಷವಾಗಿ ಅಕ್ಕಿ ಗಿರಣಿ, ಜಿನ್ನಿಂಗ್ ಗಿರಣಿಗಳ ತರುಣ ಕಾರ್ಮಿಕರೂ ಪೇಟೆಯ ಸಣ್ಣ ಅಂಗಡಿಕಾರರೂ, ಇತ್ತೀಚೆಗೆ ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಒಂದೇ ಆಗಿದೆ. ಹಣ ಉಳಿಸುವುದಕ್ಕೂ ಬೆಳೆಸುವುದಕ್ಕೂ ಯಾವ ಆ್ಯಪ್ ಒಳ್ಳೆಯದು? ಪ್ರಶ್ನೆ ನ್ಯಾಯವಾದುದು. ಬೆವರು ಸುರಿಸಿ ಗಳಿಸಿದ ಹಣದಲ್ಲಿ ನಾಲ್ಕು ಕಾಸು ಉಳಿದರೆ ಅದನ್ನು ಕಾಪಾಡಿಕೊಳ್ಳುವ ಚಿಂತೆ ದುಡಿಯುವವನಿಗಲ್ಲದೆ ಬೇರೆ ಯಾರಿಗೆ ಇರಬೇಕು? ಆದರೆ ಒಂದು ಆ್ಯಪಿನ ಹೆಸರನ್ನು ಉತ್ತರವಾಗಿ ಕೊಡಲು ನಾವು ಸಿದ್ಧರಿಲ್ಲ. ಇಂದು ಚೆನ್ನಾಗಿರುವ ಆ್ಯಪ್ ನಾಳೆ ಬೇರೊಬ್ಬ ಧನಿಯ ಕೈಗೆ ಹೋಗಬಹುದು. ಹೆಸರನ್ನು ಹುಡುಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದಿದೆ. ನಮ್ಮ ಹಣ ನಿಜವಾಗಿ ಎಲ್ಲಿರುತ್ತದೆ? ಅದನ್ನು ಯಾವ ಕಾನೂನು ಕಾಯುತ್ತದೆ? ನಾವು ಬೆರಳು ಒತ್ತಿದಾಗ ಲಾಭ ಯಾರಿಗೆ ಹುಟ್ಟುತ್ತದೆ? ಈ ಮೂರಕ್ಕೆ ಉತ್ತರ ತಿಳಿದವನು ಯಾವ ಆ್ಯಪನ್ನಾದರೂ ತಾನೇ ತೂಗಿ ನೋಡಬಲ್ಲನು.

ಎರಡಾಣೆಯ ಪಾಠ

ಬಡವನ ಉಳಿತಾಯವೆಂಬುದು ಮೊಬೈಲಿನೊಡನೆ ಹುಟ್ಟಿದ್ದಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಗುರಿಯಾಗಿತ್ತು. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ, ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಡಬಲ್ಲವನೂ ಬ್ಯಾಂಕಿನ ಗಿರಾಕಿಯಾದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಮೀನು ಮಾರುವವಳ ಬಳಿಗೂ ನೇಕಾರನ ಬಳಿಗೂ ಬ್ಯಾಂಕಿನವನೇ ನಡೆದು ಬಂದನು. ಇಂದಿಗೂ ನಮ್ಮ ಪೇಟೆ ಬೀದಿಗಳಲ್ಲಿ ಸಂಜೆಯಾದರೆ ಪಿಗ್ಮಿಯವರು ಅಂಗಡಿಯಿಂದ ಅಂಗಡಿಗೆ ತಿರುಗುವುದನ್ನು ಕಾಣುತ್ತೇವೆ. ದಿನಕ್ಕೆ ಹತ್ತು ರೂಪಾಯಿ ಕೂಡಿಸಿರಿ ಎಂದು ಇಂದಿನ ಆ್ಯಪ್ ಹೊಸದಾಗಿ ಕಂಡುಹಿಡಿದಂತೆ ಹೇಳುವ ಮಾತನ್ನು ನಮ್ಮ ನಾಡು ಸುಮಾರು ನೂರು ವರ್ಷಗಳ ಹಿಂದೆಯೇ ಆಡಿತ್ತು.

ಹಳೆಯದೆಲ್ಲ ಚಿನ್ನವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಪಿಗ್ಮಿಯ ಹಣ ಸಂಘಕ್ಕೆ ಮುಟ್ಟದೆ ಹೋದದ್ದುಂಟು, ಚೀಟಿ ನಡೆಸುವವರು ರಾತ್ರೋರಾತ್ರಿ ಊರು ಬಿಟ್ಟದ್ದುಂಟು, ಬ್ಯಾಂಕುಗಳೇ ಮುಳುಗಿದ್ದುಂಟು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಸಾವಿರಾರು ಮಂದಿ ಬೀದಿಗೆ ಬಂದರು. ಆ ಕೋಲಾಹಲದ ನಂತರವೇ ಸರಕಾರ ಎಚ್ಚೆತ್ತು, 1962ರ ಜನವರಿಯಿಂದ ಠೇವಣಿ ವಿಮೆಯನ್ನು ಜಾರಿಗೆ ತಂದಿತು. ಆಗ ಒಬ್ಬ ಠೇವಣಿದಾರನಿಗೆ ದೊರೆಯುತ್ತಿದ್ದ ಭದ್ರತೆ 1,500 ರೂಪಾಯಿ ಮಾತ್ರ. ಅದು ಏರುತ್ತ 1993ರಲ್ಲಿ 1 ಲಕ್ಷವಾಯಿತು. 2020ರ ಫೆಬ್ರುವರಿಯಲ್ಲಿ 5 ಲಕ್ಷವಾಯಿತು. ಜನ ನೊಂದು, ಕೂಗಿ, ಒತ್ತಾಯಿಸಿದ ಮೇಲೆಯೇ ಹಣಕ್ಕೆ ಕಾವಲು ಬಂದಿದೆ. ಯಾವ ಸಾಹುಕಾರನೂ ತಾನಾಗಿ ಕಾವಲು ಇಟ್ಟುಕೊಂಡದ್ದಿಲ್ಲ. ಆ್ಯಪಿನ ವಿಷಯದಲ್ಲಿಯೂ ಈ ಪಾಠವನ್ನು ನಾವು ಮರೆಯಲಾಗದು.

ಹಣ ಎಲ್ಲಿರುತ್ತದೆ?

ಮೊದಲು ತಿಳಿಯಬೇಕಾದುದು ಇಷ್ಟು. ಆ್ಯಪ್ ಎಂಬುದು ಕಿಟಕಿಯೇ ಹೊರತು ತಿಜೋರಿಯಲ್ಲ. ಒಂದೇ ಕಿಟಕಿಯ ಹಿಂದೆ ಆರು ಬಗೆಯ ಕೋಣೆಗಳಿರಬಹುದು. ಬ್ಯಾಂಕ್ ಠೇವಣಿ, ಮ್ಯೂಚುವಲ್ ಫಂಡು, ಕಂಪನಿ ಷೇರು, ಡಿಜಿಟಲ್ ಚಿನ್ನ, ವಾಯಿದೆ ವ್ಯಾಪಾರ, ಸಾಲ, ಇವೆಲ್ಲವೂ ಒಂದೇ ಬಣ್ಣದ ಗುಂಡಿಗಳಾಗಿ ಸಾಲಾಗಿ ಕಾಣಿಸುತ್ತವೆ. ಆದರೆ ಪ್ರತಿಯೊಂದು ಕೋಣೆಗೂ ಬೇರೆ ಬೀಗ, ಬೇರೆ ಕಾವಲುಗಾರ. ಕೆಲವು ಕೋಣೆಗಳಿಗೆ ಬೀಗವೇ ಇಲ್ಲ.

ಬ್ಯಾಂಕಿನ ಠೇವಣಿಯನ್ನು ಯಾವ ಆ್ಯಪಿನ ಮೂಲಕ ಇಟ್ಟರೂ ಅದು ಇರುವುದು ಬ್ಯಾಂಕಿನಲ್ಲಿ. ಒಂದು ಬ್ಯಾಂಕಿನಲ್ಲಿ ಒಬ್ಬನಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಆದರೆ ಬ್ಯಾಂಕೆಂಬ ಪರವಾನಗಿ ಇಲ್ಲದ ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಂಘಗಳಿಗೂ ಈ ವಿಮೆ ಇಲ್ಲವೆಂಬುದನ್ನು ನಮ್ಮ ವ್ಯಾಪಾರಿ ಬಂಧುಗಳಲ್ಲಿ ಬಹುಮಂದಿ ಅರಿತಿಲ್ಲ. ಬೋರ್ಡು ದೊಡ್ಡದಾಗಿರಬಹುದು, ಅಧ್ಯಕ್ಷರು ಪರಿಚಯದವರಿರಬಹುದು, ಈಗ ಸಂಘಕ್ಕೆ ಒಂದು ಆ್ಯಪೂ ಬಂದಿರಬಹುದು. ವಿಮೆ ಇದೆಯೇ ಎಂದು ಒಂದು ಮಾತು ಕೇಳಿ ಹಣ ಕಟ್ಟಿರಿ.

ವಿಮೆ ಇದ್ದಲ್ಲಿಯೂ ಕಷ್ಟ ಬರುವುದಿಲ್ಲವೆಂದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದೆಂದು ಆಜ್ಞೆ ಮಾಡಿತು. ನಿವೃತ್ತರು ತಮ್ಮ ಹಣಕ್ಕಾಗಿ ಬೀದಿಯಲ್ಲಿ ನಿಲ್ಲಬೇಕಾಯಿತು. ಹೀಗೆ ನಿರ್ಬಂಧ ಬಂದರೆ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕೆಂಬ ತಿದ್ದುಪಡಿ ಬಂದದ್ದು 2021ರಲ್ಲಿ. ಜನಪ್ರಿಯತೆಯೂ ಭದ್ರತೆಯಲ್ಲ. ಸಣ್ಣ ಚಹದಂಗಡಿಯಲ್ಲೂ ಯಾವ ಹೆಸರಿನ ಕ್ಯೂಆರ್ ಹಲಗೆ ತೂಗುತ್ತಿತ್ತೋ ಆ ಪೇಟಿಎಂನ ಪೇಮೆಂಟ್ಸ್ ಬ್ಯಾಂಕು, 2024ರ ಮಾರ್ಚ್ 15ರ ನಂತರ ಹೊಸ ಠೇವಣಿ ಪಡೆಯಬಾರದೆಂದು ರಿಸರ್ವ್ ಬ್ಯಾಂಕು ತಡೆಯಿತು. ಕಿಟಕಿ ತೆರೆದೇ ಇತ್ತು, ಹಿಂದಿನ ಕೋಣೆಗೆ ಬೀಗ ಬಿತ್ತು.

ಮ್ಯೂಚುವಲ್ ಫಂಡಿನ ಕಥೆ ಬೇರೆ. ಇಲ್ಲಿ ಕಾವಲುಗಾರ ಸೆಬಿ. ನೀವು ಕೊಂಡ ಪಾಲು ಫಂಡಿನ ದಾಖಲೆಯಲ್ಲಿ ನಿಮ್ಮ ಹೆಸರಿನಲ್ಲಿರುತ್ತದೆ, ಆ್ಯಪಿನವನ ಹೆಸರಿನಲ್ಲಲ್ಲ. ಆ್ಯಪ್ ನಾಳೆ ಮುಚ್ಚಿದರೂ ಪಾಲು ಹೋಗುವುದಿಲ್ಲ. ಇದು ಒಳ್ಳೆಯ ಏರ್ಪಾಡು. ಆದರೆ ಬೆಲೆಗೆ ಯಾರ ಖಾತರಿಯೂ ಇಲ್ಲ. 2020ರ ಜನವರಿಯಲ್ಲಿ ಸುಮಾರು 42 ಸಾವಿರವಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗೆ ಬಿತ್ತು. ಆ ವರ್ಷ ಮುಗಿಯುವುದರೊಳಗೆ ಅದು ಮೇಲೆ ಬಂದದ್ದೂ ನಿಜ. ಹತ್ತು ವರ್ಷ ಮುಟ್ಟದೆ ಇಟ್ಟ ಹಣದವನು ಉಳಿದುಕೊಂಡನು. ಏಪ್ರಿಲಿನಲ್ಲಿ ಮಗಳ ಮದುವೆ ಗೊತ್ತುಮಾಡಿಕೊಂಡಿದ್ದವನು, ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಅಕ್ಕಿಗಾಗಿ ಮಾರಿದವನು ನಷ್ಟ ಹೊತ್ತನು. ಪೇಟೆ ಬಿದ್ದ ದಿನವೇ ಬಡವನಿಗೆ ಹಣ ಬೇಕಾಗುತ್ತದೆ. ಕಾಯುವ ಶಕ್ತಿ ಶ್ರೀಮಂತನಿಗೆ ಇದ್ದಂತೆ ನಮಗಿಲ್ಲ. ಜಾಹೀರಾತಿನ ಲೆಕ್ಕದಲ್ಲಿ ಈ ಒಂದು ಅಂಶ ಎಂದೂ ಕಾಣಿಸುವುದಿಲ್ಲ.

ಇನ್ನು ಡಿಜಿಟಲ್ ಚಿನ್ನ. ಹತ್ತು ರೂಪಾಯಿಗೂ ದೊರೆಯುವುದರಿಂದ ನಮ್ಮ ಅಕ್ಕತಂಗಿಯರಿಗೆ ಇದು ಹಿಡಿಸಿದೆ. ಆದರೆ 2025ರ ನವೆಂಬರಿನಲ್ಲಿ ಸೆಬಿಯೇ ಎಚ್ಚರಿಕೆ ಕೊಟ್ಟು, ಇಂಥ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ, ಇದರಲ್ಲಿ ಹಾನಿಯಾದರೆ ಹೂಡಿಕೆದಾರರಿಗಿರುವ ರಕ್ಷಣೆ ಸಿಗುವುದಿಲ್ಲ ಎಂದು ಸ್ಪಷ್ಟಪಡಿಸಿತು. ಕೊಳ್ಳುವಾಗಲೇ ಶೇ. 3ರಷ್ಟು ತೆರಿಗೆ ಹೋಗುತ್ತದೆ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಬೇರೆ. ಬೀಗವಿಲ್ಲದ ಕೋಣೆ ಎಂದು ನಾವು ಹೇಳಿದ್ದು ಇಂಥದನ್ನೇ.

ಪುಕ್ಕಟೆಯ ಬೆಲೆ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಆ್ಯಪ್ ಪುಕ್ಕಟೆ, ಖಾತೆ ತೆರೆಯುವುದು ಪುಕ್ಕಟೆ, ಫಂಡು ಕೊಳ್ಳುವುದೂ ಪುಕ್ಕಟೆ. ಹಾಗಾದರೆ ಅವರ ಕಚೇರಿಯ ದೀಪ ಉರಿಯುವುದು ಯಾವ ಎಣ್ಣೆಯಿಂದ?

2013ರ ಜನವರಿಯಿಂದ ಪ್ರತಿಯೊಂದು ಫಂಡಿನಲ್ಲೂ ಎರಡು ದಾರಿಗಳಿವೆ. ನೇರ ದಾರಿಯಲ್ಲಿ ದಲ್ಲಾಳಿ ಇಲ್ಲ. ರೆಗ್ಯುಲರ್ ಎಂಬ ದಾರಿಯಲ್ಲಿ ಮಾರಿಕೊಟ್ಟವನಿಗೆ ನಿಮ್ಮ ಹಣದಿಂದ ವರ್ಷವರ್ಷವೂ ಕಮಿಷನ್ ಹೋಗುತ್ತದೆ. ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 2,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ, ಶೇ. 11ರ ಬೆಳವಣಿಗೆಯಲ್ಲಿ ಸುಮಾರು 17 ಲಕ್ಷ 31 ಸಾವಿರವಾಗುತ್ತದೆ. ದಲ್ಲಾಳಿಗೆ ಶೇ. 1 ಹೋಗಿ ಶೇ. 10 ಉಳಿದರೆ ಆಗುವುದು ಸುಮಾರು 15 ಲಕ್ಷ 19 ಸಾವಿರ. ಒಂದು ಶೇಕಡವೆಂದು ಕೇಳಿದಾಗ ಪುಡಿಗಾಸಿನಂತೆ ತೋರುವುದು ಎರಡು ಲಕ್ಷವನ್ನು ನುಂಗುತ್ತದೆ. ಶೇ. 11 ಬಂದೇ ಬರುತ್ತದೆಂದು ನಾವು ಹೇಳುತ್ತಿಲ್ಲ. ದಲ್ಲಾಳಿಯ ಪಾಲು ಎಷ್ಟೆಂದು ತೋರಿಸುತ್ತಿದ್ದೇವೆ. ಆದುದರಿಂದ ಫಂಡಿನ ಹೆಸರಿನ ಕೊನೆಯಲ್ಲಿ ‘ಡೈರೆಕ್ಟ್’ ಎಂಬ ಪದ ಇದೆಯೇ ಎಂದು ನೋಡತಕ್ಕದ್ದು.

ನೇರ ದಾರಿಯನ್ನು ಪುಕ್ಕಟೆಯಾಗಿ ಕೊಡುವ ಆ್ಯಪುಗಳೂ ಇವೆ. ಅವು ಗಳಿಸುವುದು ಬೇರೆ ಕೋಣೆಯಲ್ಲಿ. ಷೇರು ಮತ್ತು ವಾಯಿದೆ ವ್ಯಾಪಾರದಲ್ಲಿ ನೀವು ಕೊಂಡಾಗಲೂ ಮಾರಿದಾಗಲೂ ಪ್ರತಿ ಸಲ ದಲ್ಲಾಳಿ ಹಣ ಹುಟ್ಟುತ್ತದೆ. ವರ್ಷಕ್ಕೊಮ್ಮೆ ಕೊಂಡು ಸುಮ್ಮನಿರುವ ಗಿರಾಕಿಯಿಂದ ಅವರಿಗೆ ಏನೂ ಗಿಟ್ಟುವುದಿಲ್ಲ. ದಿನಕ್ಕೆ ಹತ್ತು ಸಲ ಬೆರಳು ಒತ್ತುವವನೇ ಅವರ ಅನ್ನದಾತ. ಆದುದರಿಂದಲೇ ಉಳಿತಾಯಕ್ಕೆಂದು ಒಳಗೆ ಬಂದ ಹುಡುಗನನ್ನು ಮೆಲ್ಲಗೆ ವಾಯಿದೆ ಕೋಣೆಯ ಕಡೆಗೆ ತಳ್ಳುವ ಬಣ್ಣ, ಗಂಟೆ, ಸಂದೇಶಗಳ ಏರ್ಪಾಡು.

ವಾಯಿದೆ ಎಂದರೆ ನಮ್ಮ ಪೇಟೆಯ ಅಡತಿಯವರಿಗೆ ಹೊಸದಲ್ಲ. ಮುಂದಿನ ತಿಂಗಳ ಹತ್ತಿಗೆ ಇಂದೇ ಬೆಲೆ ಕಟ್ಟುವ ವ್ಯವಹಾರವೇ ಅದರ ಮೂಲ. ಮಾಲು ಇದ್ದವನಿಗೆ ಅದು ಒಂದು ಬಗೆಯ ರಕ್ಷಣೆ. ಆದರೆ ಫ್ಯೂಚರ್ಸ್, ಆಪ್ಷನ್ಸ್ ಎಂಬ ಹೆಸರಿನಲ್ಲಿ ಮೊಬೈಲಿಗೆ ಬಂದಿರುವುದು ಮಾಲೂ ಇಲ್ಲದ, ಗೋದಾಮೂ ಇಲ್ಲದ ಪಂದ್ಯ. ಇದರ ಫಲವೇನೆಂಬುದನ್ನು ನಾವು ಹೇಳುವುದು ಬೇಡ, ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಹೇಳಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯಾಪಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ಶೇ. 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಯನ್ನು ಮೀರಿತು. ನಷ್ಟವಾದವನ ಸರಾಸರಿ ಹಾನಿ, ಖರ್ಚು ಸೇರಿ, ಸುಮಾರು 2 ಲಕ್ಷ. 2024-25ರಲ್ಲಿ ನಿಯಮಗಳನ್ನು ಬಿಗಿಗೊಳಿಸಿದ ಮೇಲೆಯೂ ಶೇ. 91 ಮಂದಿ ಸೋತರು, ಒಂದೇ ವರ್ಷದ ನಷ್ಟ 1 ಲಕ್ಷ 5 ಸಾವಿರ ಕೋಟಿಗೂ ಮೇಲಾಯಿತು.

ಸೋತವರು ಯಾರು? 2023-24ರಲ್ಲಿ ಈ ವ್ಯಾಪಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮಂದಿಯ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ. ಮೂವತ್ತು ವರ್ಷ ತುಂಬದವರ ಪಾಲು ಒಂದೇ ವರ್ಷದಲ್ಲಿ ಶೇ. 31ರಿಂದ ಶೇ. 43ಕ್ಕೆ ಏರಿತು. ಗೆದ್ದವರು ಯಾರು? ಅದೇ ವರ್ಷ, ಖರ್ಚು ಕಳೆಯುವ ಮೊದಲಿನ ಲೆಕ್ಕದಲ್ಲಿ, ಸ್ವಂತ ಬಂಡವಾಳದಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳು ಸುಮಾರು 33 ಸಾವಿರ ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು 28 ಸಾವಿರ ಕೋಟಿ ಗಳಿಸಿದವು. ಆ ಲಾಭದ ಬಹುಪಾಲನ್ನು ತಂದುಕೊಟ್ಟದ್ದು ಕ್ಷಣಾರ್ಧದಲ್ಲಿ ತಾವೇ ಕೊಂಡು ಮಾರುವ ಯಂತ್ರಗಳು. ಊಟದ ಬಿಡುವಿನಲ್ಲಿ ಗಿರಣಿಯ ಗೋಡೆಗೆ ಒರಗಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದ ನಮ್ಮ ಹುಡುಗನು ಕಾಳಗಕ್ಕೆ ಇಳಿದಿರುವುದು ಆ ಯಂತ್ರಗಳ ಮೇಲೆ. ಇದನ್ನು ಹೂಡಿಕೆ ಎನ್ನುವುದು ಭಾಷೆಗೆ ಮಾಡಿದ ಅನ್ಯಾಯ.

ನಮ್ಮ ಊರುಗಳಲ್ಲಿ ಓಸಿ ಆಟ ಎಷ್ಟು ಮನೆಗಳ ದೀಪ ಆರಿಸಿತೆಂಬುದನ್ನು ಹಿರಿಯರು ಬಲ್ಲರು. ಓಸಿ ಚೀಟಿ ಬರೆಯುವವನನ್ನು ಪೋಲೀಸರು ಹಿಡಿಯುತ್ತಾರೆ. 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ ಕಾನೂನು ಮಾಡಿ ನಿಷೇಧಿಸಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಹತ್ತರಲ್ಲಿ ಒಂಬತ್ತು ಮಂದಿ ಸೋಲುವ ವಾಯಿದೆ ಕೋಣೆಯ ಬಾಗಿಲು ಉಳಿತಾಯದ ಆ್ಯಪಿನೊಳಗೇ ತೆರೆದಿರಲು ಬಿಟ್ಟಿರುವುದು ಯಾವ ನ್ಯಾಯ? ಅದರಿಂದ ಸರಕಾರಕ್ಕೆ ತೆರಿಗೆ ಬರುತ್ತದೆ, ವಿನಿಮಯ ಕೇಂದ್ರಕ್ಕೆ ಶುಲ್ಕ ಬರುತ್ತದೆ, ದಲ್ಲಾಳಿಗೆ ಕಮಿಷನ್ ಬರುತ್ತದೆ. ಸೋತವನಿಗೆ ಮಾತ್ರ ಉಪದೇಶ.

ಸಾಲದ ಗುಂಡಿ

ವಾಯಿದೆಯಲ್ಲಿ ಸೋತವನಿಗೆ ಅದೇ ಪರದೆಯ ಮೇಲೆ ಸಾಲದ ಗುಂಡಿಯೂ ಕಾಣಿಸುತ್ತದೆ. 2021ರ ಆರಂಭದಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡ ಎಣಿಸಿದಾಗ ದೇಶದಲ್ಲಿ ಸುಮಾರು 1,100 ಸಾಲದ ಆ್ಯಪುಗಳು ಕಂಡವು, ಅವುಗಳಲ್ಲಿ 600 ಅಕ್ರಮವಾದವು. ಸಾಲಗಾರನ ಮೊಬೈಲಿನಲ್ಲಿದ್ದ ನೆಂಟರಿಷ್ಟರ ಸಂಖ್ಯೆಗಳನ್ನೆಲ್ಲ ಕದ್ದು, ಕಂತು ತಪ್ಪಿದರೆ ಅವರಿಗೆಲ್ಲ ಕರೆಮಾಡಿ ಮಾನ ಕಳೆಯುವುದು ಇಂಥವರ ವಸೂಲಿಯ ದಾರಿ. ಹಿಂದಿನ ಸಾಹುಕಾರನು ಮನೆಯ ಮುಂದೆ ನಿಂತು ಕೂಗುತ್ತಿದ್ದನು, ಇವರು ಊರಿಗೆ ಊರೇ ಕೇಳುವಂತೆ ಕೂಗುತ್ತಾರೆ.

2022ರ ಸೆಪ್ಟೆಂಬರಿನ ನಿಯಮಗಳು ಇದಕ್ಕೆ ತಡೆ ಹಾಕಿವೆ. ಸಾಲದ ಹಣ ನೇರವಾಗಿ ಸಾಲಗಾರನ ಬ್ಯಾಂಕ್ ಖಾತೆಗೇ ಬರಬೇಕು. ವರ್ಷಕ್ಕೆ ಒಟ್ಟು ಎಷ್ಟು ಶೇಕಡ ಬೀಳುತ್ತದೆಂಬುದನ್ನು ಮೊದಲೇ ತಿಳಿಸಬೇಕು. ಮೊಬೈಲಿನ ಸಂಪರ್ಕ ಪಟ್ಟಿಯನ್ನೂ ಫೋಟೋಗಳನ್ನೂ ಮುಟ್ಟಬಾರದು. 2024ರ ಅಕ್ಟೋಬರಿನಿಂದ ಜಾರಿಯಾದ ಇನ್ನೊಂದು ನಿಯಮದಂತೆ ಸಾಲದ ಮುಖ್ಯ ಷರತ್ತುಗಳ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಂದರೆ ನಮ್ಮವರಿಗೆ ಕನ್ನಡದಲ್ಲಿರಬೇಕು. ಇಂಗ್ಲಿಷಿನಲ್ಲಿ ಬಂದ ಪತ್ರಕ್ಕೆ ‘ಒಪ್ಪಿದೆ’ ಎಂದು ಒತ್ತುವ ಮೊದಲು ಕನ್ನಡದ ಪತ್ರ ಕೇಳುವುದು ನಮ್ಮ ಹಕ್ಕು. 2025ರ ಜುಲೈಯಿಂದ, ಪರವಾನಗಿ ಪಡೆದ ಸಂಸ್ಥೆಗಳಿಗೆ ಸೇರಿದ ಸಾಲದ ಆ್ಯಪುಗಳ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ. ಅದರಲ್ಲಿ ಹೆಸರಿಲ್ಲದ ಆ್ಯಪನ್ನು ಮುಟ್ಟಲೇಬೇಡಿ.

ಅಂಗಡಿಕಾರ ಬಂಧುಗಳಿಗೆ ಒಂದು ಮಾತು. ಕ್ಯೂಆರ್ ಹಲಗೆಯ ಮೂಲಕ ದಿನವೂ ಎಷ್ಟು ಹಣ ಬರುತ್ತದೆಂಬುದು ಆ್ಯಪಿನವರಿಗೆ ಗೊತ್ತು. ಆ ಲೆಕ್ಕ ನೋಡಿಯೇ ಸಾಲದ ಕರೆ ಬರುತ್ತದೆ, ಕಂತು ದಿನದಿನವೂ ನಿಮ್ಮ ವ್ಯಾಪಾರದ ಹಣದಿಂದ ಕಡಿತವಾಗುತ್ತದೆ. ದಿನಕ್ಕೆ ಇಷ್ಟೇ ತಾನೆ ಎಂದು ಅನ್ನಿಸುವುದು ಸಹಜ. ಮೀಟರ್ ಬಡ್ಡಿಯವನೂ ಹಾಗೆಯೇ ಅನ್ನುತ್ತಿದ್ದನು. ವರ್ಷಕ್ಕೆ ಎಷ್ಟು ಶೇಕಡವೆಂದು ಕೇಳಿ, ಬ್ಯಾಂಕಿನ ದರದೊಡನೆ ಹೋಲಿಸಿ, ಆಮೇಲೆ ನಿರ್ಧರಿಸಿರಿ.

ಇವೆಲ್ಲಕ್ಕಿಂತ ಹೊರಗೆ ನೇರ ಕಳ್ಳರ ಗುಂಪೊಂದಿದೆ. ವಾಟ್ಸಾಪಿನಲ್ಲೋ ಟೆಲಿಗ್ರಾಮಿನಲ್ಲೋ ಗುಂಪಿಗೆ ಸೇರಿಸಿ, ದೊಡ್ಡ ಕಂಪನಿಯ ಹೆಸರಿನ ನಕಲಿ ಆ್ಯಪ್ ಕಳುಹಿಸಿ, ಪರದೆಯ ಮೇಲೆ ಹಣ ದ್ವಿಗುಣವಾದಂತೆ ತೋರಿಸುತ್ತಾರೆ. ತೆಗೆಯಲು ಹೋದರೆ ತೆರಿಗೆ ಕಟ್ಟಿ ಎನ್ನುತ್ತಾರೆ. ಗುರುತು ಸುಲಭ. ನಿಜವಾದ ಸಂಸ್ಥೆ ಖಾಸಗಿ ವ್ಯಕ್ತಿಯ ಖಾತೆಗೆ ಹಣ ಕೇಳುವುದಿಲ್ಲ. ಸೆಬಿಯಲ್ಲಿ ನೋಂದಾಯಿತರಾದ ದಲ್ಲಾಳಿಗಳಿಗೂ ಫಂಡುಗಳಿಗೂ 2025ರ ಅಕ್ಟೋಬರಿನಿಂದ ‘ವ್ಯಾಲಿಡ್’ ಎಂಬ ಪದವಿರುವ ಪ್ರತ್ಯೇಕ ಯುಪಿಐ ವಿಳಾಸ ಕೊಡಲಾಗಿದೆ. ‘ಸೆಬಿ ಚೆಕ್’ ಎಂಬ ಸೌಕರ್ಯದಲ್ಲಿ ಅದನ್ನು ಪರೀಕ್ಷಿಸಬಹುದು. ಮೋಸವಾದರೆ ನಾಚಿಕೆಯಿಂದ ಸುಮ್ಮನೆ ಕೂಡದೆ ಕೂಡಲೇ 1930ಕ್ಕೆ ಕರೆಮಾಡಿರಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಹಾಗಾದರೆ ಏನು ಮಾಡಬೇಕು?

ನಾವು ಆ್ಯಪನ್ನು ಒಡೆದುಹಾಕಿರೆಂದು ಹೇಳುವವರಲ್ಲ. ಗಿರಣಿಗೆ ಹೊಸ ಯಂತ್ರ ಬಂದಾಗ ಕಾರ್ಮಿಕ ಸಂಘ ಅದನ್ನು ಸುಡಲು ಹೋಗಲಿಲ್ಲ. ಅದರ ಮುಂದೆ ಎಷ್ಟು ಗಂಟೆ ನಿಲ್ಲಬೇಕು, ಕೂಲಿ ಎಷ್ಟು, ಕೈ ಸಿಕ್ಕಿಬೀಳದಂತೆ ಅಡ್ಡಗಂಬಿ ಎಲ್ಲಿ ಎಂದು ಕೇಳಿತು. ಒಂದು ಕಾಲದಲ್ಲಿ ಮುಂಬಯಿಯ ದಲ್ಲಾಳಿಯ ಪರಿಚಯವಿದ್ದವನಿಗೆ ಮಾತ್ರ ದಕ್ಕುತ್ತಿದ್ದುದು ಇಂದು ಐನೂರು ರೂಪಾಯಿಯವನಿಗೂ ದಕ್ಕುತ್ತದೆಂಬುದು ಸುಳ್ಳಲ್ಲ. ನಾವು ಕೇಳುವುದು ಅಡ್ಡಗಂಬಿಯನ್ನು.

ಕ್ರಮ ಹೀಗಿರಲಿ. ಮೊದಲನೆಯದಾಗಿ ಬಡ್ಡಿಯ ಸಾಲ ತೀರಿಸಿರಿ. ನೂರಕ್ಕೆ ತಿಂಗಳಿಗೆ ಐದರಂತೆ ಬಡ್ಡಿ ಎಂದರೆ ವರ್ಷಕ್ಕೆ ಶೇ. 60. ವರ್ಷವರ್ಷವೂ ಶೇ. 60 ಕೊಡುವ ಫಂಡು ಭೂಮಿಯ ಮೇಲಿಲ್ಲ. ಆ ಸಾಲ ತೀರಿಸುವುದೇ ನಿಮಗೆ ದೊರೆಯುವ ಅತ್ಯುತ್ತಮ ಹೂಡಿಕೆ. ಎರಡನೆಯದಾಗಿ, ಮೂರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. ಗಿರಣಿ ಬಾಗಿಲು ಹಾಕಿದ ದಿನ, ಆಸ್ಪತ್ರೆಗೆ ಓಡಬೇಕಾದ ರಾತ್ರಿ ನಿಮ್ಮನ್ನು ಕಾಯುವುದು ಅದೇ.

ಮೂರನೆಯದು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಕಾರ್ಮಿಕನ ಅತಿ ದೊಡ್ಡ ಉಳಿತಾಯ ಯಾವ ಹೊಸ ಆ್ಯಪಿನಲ್ಲೂ ಇಲ್ಲ, ಪ್ರಾವಿಡೆಂಟ್ ಫಂಡಿನಲ್ಲಿದೆ. 1952ರಲ್ಲಿ ಕಾನೂನಾಗಿ ಬಂದ ಈ ಹಕ್ಕಿನಂತೆ ನಿಮ್ಮ ಪಗಾರದಿಂದ ಶೇ. 12 ಕಡಿತವಾಗುತ್ತದೆ, ಮಾಲೀಕನೂ ಅಷ್ಟೇ ಸೇರಿಸಬೇಕು. ಅದರಲ್ಲಿ ಒಂದು ಪಾಲು ಪಿಂಚಣಿಗೆ ಹೋಗುತ್ತದೆ. 2024-25ಕ್ಕೆ ಇದರ ಬಡ್ಡಿ ಶೇ. 8.25. ಮಾಲೀಕನು ಮುಂದಿನ ತಿಂಗಳ 15ನೆಯ ತಾರೀಕಿನೊಳಗೆ ಈ ಹಣ ಕಟ್ಟತಕ್ಕದ್ದು. ಪಗಾರದಿಂದ ಮುರಿದುಕೊಂಡು ಕಟ್ಟದಿದ್ದರೆ ಅದು ನಂಬಿಕೆದ್ರೋಹದ ಅಪರಾಧ. 2017ರಲ್ಲಿ ಸರಕಾರ ತಂದ ‘ಉಮಂಗ್’ ಆ್ಯಪಿನಲ್ಲಿ ನಿಮ್ಮ ಪಿ.ಎಫ್. ಪಾಸ್‌ಬುಕ್ ನೋಡಬಹುದು. ಯಾವ ಆ್ಯಪ್ ಒಳ್ಳೆಯದೆಂದು ಕೇಳಿದ ತರುಣ ಮಿತ್ರರಿಗೆ ಹೇಳುವುದಿಷ್ಟು. ಷೇರಿನ ಬೆಲೆ ದಿನಕ್ಕೆ ಇಪ್ಪತ್ತು ಸಲ ನೋಡುವವರು ಈ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ನೋಡಿದ್ದೀರಾ? ಗುತ್ತಿಗೆದಾರನ ಕೈಕೆಳಗೆ ದುಡಿಯುವವರು ಮೊದಲು ನೋಡಬೇಕು. ಒಂದು ತಿಂಗಳ ಜಮೆ ಬಿಟ್ಟುಹೋಗಿದ್ದರೆ ಒಬ್ಬನೇ ಹೋಗಿ ಕೇಳಬೇಡಿ, ಸಂಘದ ಮೂಲಕ ಹತ್ತು ಮಂದಿ ಸೇರಿ ಕೇಳಿರಿ.

ಪಿ.ಎಫ್. ಇಲ್ಲದ ಸಣ್ಣ ವ್ಯಾಪಾರಿಗಳಿಗೆ ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ದೊರೆಯುವ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್., ಇದೆ. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು, ಅವಧಿ 15 ವರ್ಷ. 2020ರ ಏಪ್ರಿಲಿನಿಂದ 2025ರ ಕೊನೆಯವರೆಗೂ ಬಡ್ಡಿ ಶೇ. 7.1 ಇತ್ತು. 18ರಿಂದ 40 ವಯಸ್ಸಿನ, ಆದಾಯ ತೆರಿಗೆ ಕಟ್ಟದವರಿಗೆ 2015ರ ಅಟಲ್ ಪಿಂಚಣಿ ಯೋಜನೆ ಉಂಟು. 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿ ಪಿಂಚಣಿಯ ಖಾತರಿ ಇದೆ. ಇವು ಗಂಟೆ ಬಾರಿಸುವುದಿಲ್ಲ, ಬಣ್ಣ ತೋರಿಸುವುದಿಲ್ಲ. ಯಾರಿಗೂ ಕಮಿಷನ್ನಿನ ಹೊಳೆ ಹರಿಸದ ಕಾರಣ ಇವುಗಳ ಹೆಸರು ನಿಮ್ಮ ಕಿವಿಗೆ ಬೀಳುವುದೂ ಅಪರೂಪ.

ಇಷ್ಟಾದ ಮೇಲೆ, ಏಳೆಂಟು ವರ್ಷ ಮುಟ್ಟಬೇಕಾಗದ ಹಣ ಉಳಿದರೆ ಫಂಡಿನ ಮಾತು. ಆಗ ಆ್ಯಪನ್ನು ಆರಿಸುವಾಗ ನೋಡಬೇಕಾದ್ದು ಸರಳವಾಗಿದೆ. ಸೆಬಿಯ ನೋಂದಣಿ ಸಂಖ್ಯೆ ಇದೆಯೇ? ನೇರ ದಾರಿ ಕೊಡುತ್ತದೆಯೇ? ಹಣ ಹಿಂತೆಗೆಯುವ ಗುಂಡಿ ಹಾಕುವ ಗುಂಡಿಯಷ್ಟೇ ಸುಲಭವಾಗಿ ಸಿಗುತ್ತದೆಯೇ? ನಾಮಿನಿಯಾಗಿ ಹೆಂಡತಿಯ ಹೆಸರು ದಾಖಲಾಗಿದೆಯೇ? ತೊಂದರೆ ಬಂದರೆ ಕನ್ನಡದಲ್ಲಿ ಮಾತಾಡುವ ಮನುಷ್ಯನು ಸಿಗುತ್ತಾನೆಯೇ? ವಾಯಿದೆ ಮತ್ತು ಸಾಲದ ಕಡೆಗೆ ಕರೆಯುವ ಸಂದೇಶಗಳನ್ನು ನಿಲ್ಲಿಸಬಹುದೇ? ಈ ಆರರಲ್ಲಿ ಎರಡಕ್ಕೆ ಇಲ್ಲವೆಂದು ಉತ್ತರ ಬಂದರೆ ಆ ಆ್ಯಪನ್ನು ಬಿಟ್ಟು ಬೇರೆ ನೋಡಿರಿ.

ನಮ್ಮ ಬೇಡಿಕೆ

ಎಚ್ಚರಿಕೆಯ ಹೊರೆಯನ್ನೆಲ್ಲ ದುಡಿಯುವವನ ಹೆಗಲಿಗೇ ಹಾಕುವುದು ನ್ಯಾಯವಲ್ಲ. ಹನ್ನೆರಡು ಗಂಟೆ ದುಡಿದು ಬಂದವನು ಇಪ್ಪತ್ತು ಪುಟದ ಇಂಗ್ಲಿಷ್ ಷರತ್ತನ್ನು ಓದಬೇಕೆಂದು ಹೇಳುವುದು ಕ್ರೂರ ವಿನೋದ. ಆದುದರಿಂದ ನಾವು ಸರಕಾರದ ಮುಂದೆ ನಾಲ್ಕು ಬೇಡಿಕೆಗಳನ್ನಿಡುತ್ತೇವೆ. ಕರ್ನಾಟಕದಲ್ಲಿ ಹಣ ಸಂಗ್ರಹಿಸುವ ಪ್ರತಿಯೊಂದು ಆ್ಯಪಿನ ಷರತ್ತು, ದೂರು, ಸಹಾಯವಾಣಿ ಕನ್ನಡದಲ್ಲಿರಬೇಕು. ಉಳಿತಾಯ ಮತ್ತು ಫಂಡಿನ ಆ್ಯಪಿನೊಳಗೆ ವಾಯಿದೆ ಮತ್ತು ಸಾಲದ ಬಾಗಿಲು ಇರಕೂಡದು. ಬೇಕಾದವನು ಬೇರೆ ಬಾಗಿಲಿನಿಂದ ಹೋಗಲಿ. ಪತ್ತಿನ ಸಂಘಗಳ ಮತ್ತು ಸೌಹಾರ್ದಗಳ ಸಣ್ಣ ಠೇವಣಿದಾರರಿಗೂ ವಿಮೆಯ ರಕ್ಷಣೆ ಬರಬೇಕು. ಪಿ.ಎಫ್. ಹಣ ತಿಂಗಳು ತಪ್ಪಿದ ಕೂಡಲೇ ಕಾರ್ಮಿಕನ ಮೊಬೈಲಿಗೆ ಕನ್ನಡದಲ್ಲಿ ಸೂಚನೆ ಹೋಗಬೇಕು. ಸಾಲ ಬೇಕೇ ಎಂದು ದಿನಕ್ಕೆ ನಾಲ್ಕು ಸಲ ಕೇಳಬಲ್ಲ ಯಂತ್ರಕ್ಕೆ, ನಿನ್ನ ಮಾಲೀಕ ಹಣ ಕಟ್ಟಿಲ್ಲವೆಂದು ತಿಂಗಳಿಗೊಮ್ಮೆ ಹೇಳುವುದು ಕಷ್ಟವಾಗಲಾರದು.

ಕಾರ್ಮಿಕ ಸಂಘಗಳಿಗೂ ವರ್ತಕರ ಸಂಘಗಳಿಗೂ ಒಂದು ಮನವಿ. ವಾರಕ್ಕೊಂದು ಸಂಜೆ ಸಂಘದ ಕಚೇರಿಯಲ್ಲಿ ಕೂಡಿರಿ. ಮೊಬೈಲು ಬಲ್ಲ ಹುಡುಗರು ಹಿರಿಯರಿಗೆ ಪಾಸ್‌ಬುಕ್ ತೆರೆದು ತೋರಿಸಲಿ. ಹಿಂದೆ ಮೋಸಹೋದ ಹಿರಿಯರು ಹುಡುಗರಿಗೆ ಚೀಟಿಯ ಕಥೆ, ಓಸಿಯ ಕಥೆ ಹೇಳಲಿ. ಒಬ್ಬನ ಮೊಬೈಲಿಗೆ ಬಂದ ಆಮಿಷವನ್ನು ಹತ್ತು ಮಂದಿ ಕೂಡಿ ನೋಡಿದರೆ ಅದರ ಬಣ್ಣ ಬೇಗನೆ ಬಯಲಾಗುತ್ತದೆ.

ಕೊನೆಯದಾಗಿ ಒಂದು ಮಾತನ್ನು ಹೇಳದೆ ಈ ಲೇಖನ ಮುಗಿಸಲಾರೆವು. ಉಳಿಸುವುದಕ್ಕೆ ಮೊದಲು ಉಳಿಯಬೇಕಲ್ಲವೆ? ಪಗಾರ ಹದಿನೈದನೆಯ ತಾರೀಕಿಗೇ ಮುಗಿಯುವ ಮನೆಗೆ ಯಾವ ಆ್ಯಪೂ ಸಂಪತ್ತನ್ನು ತಂದುಕೊಡಲಾರದು. ಕೂಲಿ ಏರಿಸುವ ಮಾತು ಬಂದಾಗ ಕಿವುಡಾಗುವವರೇ ಮಿತವ್ಯಯದ ಉಪದೇಶವನ್ನು ಗಟ್ಟಿಯಾಗಿ ಮಾಡುತ್ತಾರೆ. ಉಳಿತಾಯ ಬೇಕು, ಅದನ್ನು ಕಾಯುವ ಜಾಣತನವೂ ಬೇಕು. ಆದರೆ ಅದು ನ್ಯಾಯವಾದ ಕೂಲಿಯ, ತಪ್ಪದೆ ಜಮೆಯಾಗುವ ಪಿ.ಎಫ್.ನ, ಮುಪ್ಪಿನ ಪಿಂಚಣಿಯ ಹೋರಾಟಕ್ಕೆ ಬದಲಿಯಲ್ಲ. ಈ ತಿಂಗಳ ಪಗಾರದ ಸದ್ದು ಮೊಬೈಲಿನಲ್ಲಿ ಕೇಳಿದಾಗ, ಮಿಕ್ಕ ನಾಲ್ಕು ಸದ್ದುಗಳಿಗೆ ಕಿವಿಗೊಡುವ ಮೊದಲು ನಿಮ್ಮ ಪಾಸ್‌ಬುಕ್ಕನ್ನು ತೆರೆದು ನೋಡಿರಿ.